ಸಿಂಜ್‌ನ ತಾಯಿ ನಮ್ಮ ಜಗಲಿಯಲ್ಲಿ

1924ರಲ್ಲಿ ಮೈಸೂರಿಗೆ ಬಂದಿದ್ದ ಐರಿಷ್ ಕವಿ ಜೇಮ್ಸ್ ಕಸಿನ್ಸ್, ಇಂಗ್ಲಿಷಿನಲ್ಲಿ ಬರೆದ ಪದ್ಯಗಳನ್ನು ತೋರಿಸಲು ಹೋದ ವಿದ್ಯಾರ್ಥಿ ಪುಟ್ಟಪ್ಪನವರಿಗೆ ತಾಯ್ನುಡಿಯಲ್ಲಿ ಬರೆಯಲು ಹೇಳಿದ ಪ್ರಸಂಗ ಕನ್ನಡ ಓದುಗರಿಗೆಲ್ಲ ಗೊತ್ತು. ಕುವೆಂಪು ಅದನ್ನು ‘ನೆನಪಿನ ದೋಣಿಯಲ್ಲಿ’ ಬರೆದುಕೊಂಡಿದ್ದಾರೆ. ಅಷ್ಟಾಗಿ ಗೊತ್ತಿಲ್ಲದ ಸಂಗತಿಯೆಂದರೆ, ಈ ಕಸಿನ್ಸ್ ಭಾರತಕ್ಕೆ ಬರುವ ಮೊದಲು ಡಬ್ಲಿನ್ನಿನ ನಾಟಕದ ಬಳಗದಲ್ಲಿದ್ದವರು. 1902ರಲ್ಲಿ ಅವರ ನಾಟಕಗಳೂ ಅಲ್ಲಿ ರಂಗಕ್ಕೆ ಬಂದಿದ್ದವು. ಅದೇ ಚಳವಳಿಯಿಂದ ಎರಡು ವರ್ಷಗಳ ನಂತರ, 1904ರ ಫೆಬ್ರವರಿ 25ರಂದು, ಜೆ.ಎಂ. ಸಿಂಜ್‌ನ ‘ರೈಡರ್ಸ್ ಟು ದಿ ಸೀ’ ಎಂಬ ಏಕಾಂಕ ಪ್ರದರ್ಶನಗೊಂಡಿತು. ನಮ್ಮ ಮಾತು ಈ ಪುಟ್ಟ ನಾಟಕದ ಬಗ್ಗೆ.

ವೇಷವಿಲ್ಲದೆ, ಪರದೆಯಿಲ್ಲದೆ, ಕೈಯಲ್ಲಿ ಪ್ರತಿ ಹಿಡಿದು ಜನರೆದುರು ನಾಟಕ ಓದುವುದಕ್ಕೆ ರಂಗವಾಚನ ಎನ್ನುತ್ತೇವೆ. ಇದು ನಮಗೆ ಹೊಸದೇನಲ್ಲ. ಕುಮಾರವ್ಯಾಸನನ್ನು ಒಬ್ಬರು ವಾಚಿಸಿ ಇನ್ನೊಬ್ಬರು ಅರ್ಥ ಹೇಳುವ ಗಮಕ ನಮ್ಮ ನೆಲದ್ದು. ಮೌಲೂದ್ ಓದುವ ಮನೆಗಳು, ಮೊಹರಂನಲ್ಲಿ ಮರ್ಸಿಯಾ ಕೇಳಿ ಬೆಳೆದವರು ನಮ್ಮ ನಡುವೆಯೇ ಇದ್ದಾರೆ. ಆದರೆ ಐರಿಷ್ ಸಾಹಿತ್ಯ ಮಾತ್ರ ಎಂ.ಎ. ತರಗತಿಯ ಬಾಗಿಲು ದಾಟಿ ಬಂದದ್ದು ಕಡಿಮೆ. ಯೇಟ್ಸ್‌ನಿಗೆ ಅನಂತಮೂರ್ತಿಯವರ ‘ಶತಮಾನದ ಕವಿ ಯೇಟ್ಸ್’ (2008) ಇದೆ. ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿಗಳ ಮನೆಗಳಲ್ಲಿ ಹತ್ತು ಜನ ಕೂತು ಕೇಳಬಹುದಾದ ಕೃತಿ ಯಾವುದೆಂದರೆ ನಾವು ಸಿಂಜ್‌ನದನ್ನೇ ಕೊಡುತ್ತೇವೆ.

ಕತೆ ಸರಳ. ಐರ್ಲೆಂಡಿನ ಪಶ್ಚಿಮದ ಒಂದು ದ್ವೀಪ. ಮೌರ್ಯಾ ಎಂಬ ಮುದುಕಿ (ಚಂದ್ರಗುಪ್ತನ ವಂಶದವಳಲ್ಲ!) ಮಾವನನ್ನು, ಗಂಡನನ್ನು, ನಾಲ್ಕು ಗಂಡುಮಕ್ಕಳನ್ನು ಕಡಲಿಗೆ ಕೊಟ್ಟಿದ್ದಾಳೆ. ಐದನೆಯ ಮೈಕೇಲ್ ಕಾಣೆಯಾಗಿದ್ದಾನೆ. ದೂರದಲ್ಲಿ ಸಿಕ್ಕ ಹೆಣದ ಮೇಲಿನ ಬಟ್ಟೆಯ ಗಂಟೊಂದು ಮನೆಗೆ ಬರುತ್ತದೆ. ತಂಗಿ ನೋರಾ ಕಾಲುಚೀಲದ ಹೆಣಿಗೆಯ ಕುಣಿಕೆಗಳನ್ನು ಎಣಿಸುತ್ತಾಳೆ. ತಾನು ಹೆಣೆಯುವಾಗ ನಾಲ್ಕು ಕುಣಿಕೆ ಬಿಟ್ಟಿದ್ದು ನೆನಪಾಗಿ, ಅಣ್ಣ ಸತ್ತದ್ದು ಖಾತ್ರಿಯಾಗುತ್ತದೆ. ಅಷ್ಟರಲ್ಲಿ ಕೊನೆಯ ಮಗ ಬಾರ್ಟ್ಲಿ ಕುದುರೆ ಮಾರಲು ಹೊರಟು ಅವನೂ ಕಡಲಪಾಲಾಗುತ್ತಾನೆ.

ನಮ್ಮ ಊರುಗಳಿಗೆ ಕಡಲಿಲ್ಲ. ಆದರೆ ಮೇಕೆದಾಟಿನ ಬಂಡೆಗಳಿಂದ, ಮಂಚನಬೆಲೆಯ ಹಿನ್ನೀರಿನಿಂದ ಮಕ್ಕಳ ಹೆಣ ಬರುವುದನ್ನು ಕಂಡ ಜನ ನಾವು. ರೇಷ್ಮೆ ಗೂಡು ಬಿಚ್ಚಿ ಎಳೆ ತೆಗೆಯುವ ಮನೆಯ ಹೆಣ್ಣುಮಗಳಿಗೆ ನೋರಾ ಎಣಿಸುವುದೇನೆಂದು ಯಾರೂ ವಿವರಿಸಬೇಕಿಲ್ಲ. ಎಳೆ ತುಂಡಾದದ್ದನ್ನು ಕಣ್ಣಿಗಿಂತ ಮೊದಲು ಬೆರಳು ಹೇಳುವ ಕೆಲಸ ಅವಳದು.

ತೊಡಕಿರುವುದು ಮಾತಿನಲ್ಲಿ. ಸಿಂಜ್ 1898ರಿಂದ ಅರಾನ್ ದ್ವೀಪಗಳಿಗೆ ಹೋಗಿ ಜನರ ನಡುವೆ ಇದ್ದು ಅವರ ನುಡಿ ಕಲಿತವನು. ಒಂದು ಮನೆಯಲ್ಲಿ ಅಡುಗೆಮನೆಯ ಕೆಲಸದ ಹುಡುಗಿಯರ ಮಾತನ್ನು ನೆಲಹಲಗೆಯ ಬಿರುಕಿನಿಂದ ಕೇಳಿಸಿಕೊಂಡೆನೆಂದು ತಾನೇ ಬರೆದಿದ್ದಾನೆ. ಅವನ ಇಂಗ್ಲಿಷಿನೊಳಗೆ ಐರಿಷ್ ನುಡಿಯ ಉಸಿರಿದೆ. ಇಂಥದನ್ನು ಪಠ್ಯಪುಸ್ತಕದ ಕನ್ನಡಕ್ಕೆ ತಂದರೆ ಸತ್ತಂತೆ. ಮಗ ಬರುವುದಿಲ್ಲವೆಂದು ತಾಯಿಗೆ ಹೇಳಬೇಕು ಅನ್ನಿ. ‘ಆತನು ಇನ್ನು ಹಿಂದಿರುಗಲಾರನು’ ಎಂದರೆ ಯಾವ ತಾಯಿ ಅಳುತ್ತಾಳೆ? ‘ಅವ್ನಿನ್ ಬರಾಕಿಲ್ಲ ಕಣವ್ವ’ ಎನ್ನಬೇಕು. ನಮ್ಮ ಮನೆಗಳಲ್ಲಾದರೆ ‘ಅಬ್ ಉನೆ ನೈ ಆತಾ ಅಮ್ಮಾ’. ದಖನಿಯನ್ನು ಸಿನಿಮಾದಲ್ಲಿ ನಗಿಸಲು ಬಳಸುತ್ತಾರೆ. ಶಾಲೆಯಲ್ಲಿ ಉರ್ದು ಕಲಿಸಿದವರು ಅದನ್ನು ಕೆಟ್ಟ ಉರ್ದು ಎಂದರು. ನಾವೂ ನಂಬಿದೆವು. ನಮ್ಮ ಕತೆಗಳಲ್ಲಿ ಪಾತ್ರಗಳು ಬಹುಕಾಲ ಇಸ್ತ್ರಿ ಮಾಡಿದ ಕನ್ನಡ ಆಡಿದ್ದು ಅದರಿಂದಲೇ.

ಹಾಗೆಂದು ಊರು-ಹೆಸರುಗಳನ್ನೂ ಬದಲಿಸಿ ನಾಟಕವನ್ನು ಚನ್ನಪಟ್ಟಣಕ್ಕೆ ಎತ್ತಿ ತರುವುದನ್ನು ನಾವು ಒಪ್ಪುವುದಿಲ್ಲ. ಮೈಕೇಲನ ಶವಪೆಟ್ಟಿಗೆಗೆಂದು ತಂದ ಬಿಳಿ ಹಲಗೆಗಳು ಗೋಡೆಗೆ ಒರಗಿಕೊಂಡೇ ಇರಲಿ. ಹಜ್‌ಗೆ ಹೋದವರು ಜಂಜಂ ನೀರಿನಲ್ಲಿ ತೋಯಿಸಿ ತಂದು ಪೆಟ್ಟಿಗೆಯಲ್ಲಿಟ್ಟ ಕಫನ್ ಬಟ್ಟೆ ಕೇಳುಗರಿಗೆ ತಾನಾಗಿ ನೆನಪಾಗುತ್ತದೆ.

ವಾಚನಕ್ಕೆ ಈ ನಾಟಕ ಒಗ್ಗುವುದಕ್ಕೆ ಇನ್ನೊಂದು ಕಾರಣವಿದೆ. ಹಿಂದೆ ಪ್ಯಾಚ್ ಎಂಬ ಮಗನ ಹೆಣವನ್ನು ಹಾಯಿಬಟ್ಟೆಯಲ್ಲಿ ನೀರು ತೊಟ್ಟಿಕ್ಕುತ್ತ ತಂದರೆಂದು ಮೌರ್ಯಾ ಹೇಳುತ್ತಿರುವಾಗಲೇ ಬಾಗಿಲು ತೆರೆದು ಹೆಂಗಸರು ಒಳಬರುತ್ತಾರೆ. ಬಾರ್ಟ್ಲಿಯ ಹೆಣವೂ ಹಾಗೆಯೇ ಬರುತ್ತದೆ. ಹಳೆಯ ಸಾವು ಹೇಳುತ್ತ ಹೇಳುತ್ತ ಹೊಸದಾಗುತ್ತದೆ. ಗಟ್ಟಿಯಾಗಿ ಓದಿ ನೋಡಿದಾಗ ಎಲ್ಲಿ ಕತೆ ನಿಂತು ಎಲ್ಲಿ ಘಟನೆ ಶುರುವಾಯಿತೆಂದು ನಮಗೆ ಒಂದು ಕ್ಷಣ ತಿಳಿಯಲಿಲ್ಲ. ರಂಗಸೂಚನೆಗಳನ್ನು ಓದಲು ಒಬ್ಬರನ್ನು ಪ್ರತ್ಯೇಕವಾಗಿ ಕೂರಿಸಲೇಬೇಕು. ಮುಖ್ಯ ಪಾತ್ರಗಳು ಮೂರು ಹೆಂಗಸರು. ರಂಗ ಹತ್ತಲು ಹಿಂಜರಿಯುವ ನಮ್ಮ ಹೆಣ್ಣುಮಕ್ಕಳು ಕೂತು ಓದಬಹುದು.

ಕೊನೆಯಲ್ಲಿ ಮೌರ್ಯಾ ಅಳುವುದಿಲ್ಲ. ಇನ್ನು ಕಡಲು ತನಗೆ ಮಾಡುವಂಥದ್ದೇನೂ ಉಳಿದಿಲ್ಲವೆಂಬಂತೆ ಶಾಂತಳಾಗುತ್ತಾಳೆ. ಎದೆ ಬಡಿದುಕೊಂಡು ಅಳುವುದು ಸಲ್ಲದೆಂದು ಕಲಿತ ನಮ್ಮ ಕೇಳುಗರು ಇದನ್ನು ಸಬ್ರ್ ಎಂದು ಮೆಚ್ಚಿಕೊಂಡಾರು. ನಮಗೆ ಅನುಮಾನವಿದೆ. ಸಬ್ರ್ ಎಂಬುದು ಕಳೆದುಕೊಳ್ಳಲು ಇನ್ನೂ ಏನಾದರೂ ಇರುವವರ ಗುಣ, ಇವಳದು ದಣಿವು. ವಾದಕ್ಕೆ ಜಾಗವಿದೆ, ಓದಿನ ನಂತರ ಚಹಾ ಕೊಡುವಾಗ ಆ ವಾದ ಆಗಲಿ.

ಆದರೆ ಒಂದು ಮಾತನ್ನು ಕತ್ತರಿಸುವ ಆಸೆ ಓದಿಸುವವರಿಗೆ ಹುಟ್ಟುತ್ತದೆಂದು ನಮಗೆ ಭಯ. ದೇವರು ಆಕೆಯನ್ನು ಒಬ್ಬ ಮಗನೂ ಇಲ್ಲದಂತೆ ಮಾಡಲಾರನೆಂದು ಊರಿನ ಎಳೆಯ ಪಾದ್ರಿ ಹೇಳಿರುತ್ತಾನೆ. ಅಂಥವನಿಗೆ ಕಡಲಿನ ಬಗ್ಗೆ ಏನು ಗೊತ್ತು ಎನ್ನುತ್ತಾಳೆ ಮುದುಕಿ. ಮಸೀದಿಯ ಪಕ್ಕದ ಮನೆಯಲ್ಲಿ ಇದನ್ನು ಓದಬಹುದೇ? 1907ರಲ್ಲಿ ಸಿಂಜ್‌ನ ಇನ್ನೊಂದು ನಾಟಕ ‘ಪ್ಲೇಬಾಯ್ ಆಫ್ ದಿ ವೆಸ್ಟರ್ನ್ ವರ್ಲ್ಡ್’ ಆಡಿದಾಗ, ತಮ್ಮ ಜನರ ಮಾನ ಕಳೆದನೆಂದು ಡಬ್ಲಿನ್ನಿನ ಪ್ರೇಕ್ಷಕರೇ ಅಬ್ಬೆ ರಂಗಮಂದಿರದಲ್ಲಿ ಗದ್ದಲವೆಬ್ಬಿಸಿದರು. ಸಾರಾ ಅಬೂಬಕ್ಕರ್ ಅವರನ್ನು ಓದಿದ ನಾವು ಇದನ್ನು ಬೇರೆ ದೇಶದ ಸುದ್ದಿ ಎನ್ನಲಾರೆವು. ನಾವೂ ಒಂದೆರಡು ಕತೆಗಳಲ್ಲಿ ಇಂಥ ಸಾಲುಗಳನ್ನು ಹೆದರಿ ಹೊಡೆದುಹಾಕಿದ್ದೇವೆ. ಕತೆಗಳು ಅಚ್ಚಾದವು, ಯಾರೂ ಏನೂ ಅನ್ನಲಿಲ್ಲ. ಅವು ನಮಗೇ ಈಗ ನೆನಪಿಲ್ಲ.

ಪಾದ್ರಿಯ ಮಾತನ್ನು ತೆಗೆದರೆ ಕೊನೆಯಲ್ಲಿ ಮುದುಕಿ ಸುಮ್ಮನಾಗುವುದು ಬರೀ ಭಕ್ತಿಯಾಗಿ ಕಾಣುತ್ತದೆ. ಶವಪೆಟ್ಟಿಗೆಗೆ ಹಲಗೆಯಿದೆ, ಮೊಳೆ ತರುವುದನ್ನು ಆಕೆ ಮರೆತಿದ್ದಾಳೆ ಎಂಬ ಒಂದು ಮಾತೂ ಅಲ್ಲಿದೆ. ಅಷ್ಟು ಸಾವು ಕಂಡವಳು ಅದನ್ನೇಕೆ ಮರೆತಳೆಂದು ನೆರೆಯವನೊಬ್ಬ ಅಚ್ಚರಿಪಡುತ್ತಾನೆ. ಅವಳಿಗೆ ವಯಸ್ಸಾಯಿತು ಎನ್ನುತ್ತಾಳೆ ಮಗಳು.