ಮೂರು ಟನ್ನಿನ ವಿಂಚ್, ಮುಕ್ಕಾಲು ಟನ್ನಿನ ಟ್ರ್ಯಾಕ್ಟರ್

ಪುಟ್ಟ ಟ್ರ್ಯಾಕ್ಟರಿಗೆ ಹೈಡ್ರಾಲಿಕ್ ವಿಂಚ್ ಜೋಡಿಸಿ ಮರದ ದಿಮ್ಮಿ ಎಳೆಯುವುದು ವಿದ್ಯಾರ್ಥಿಗಳಿಗೆ ಒಳ್ಳೆಯ ಪ್ರಾಜೆಕ್ಟು. ರಾಜಾಜಿನಗರದ ಕೈಗಾರಿಕಾ ಬಡಾವಣೆಯ ಯಾವುದಾದರೊಂದು ವರ್ಕ್‌ಶಾಪಿನಲ್ಲಿ ವೆಲ್ಡಿಂಗ್ ಮಾಡಿಸಿಕೊಳ್ಳಬಹುದು. ಆದರೆ ಲೆಕ್ಕವು ಪಾಸ್ಕಲನ ನಿಯಮಕ್ಕೇ ನಿಂತುಬಿಟ್ಟರೆ ಸಾಲದು. ನನ್ನ ಆಕ್ಷೇಪ ಇರುವುದು ಅಲ್ಲಿ.

ಪಂಪನ್ನೇ ನೋಡಿ. ಒತ್ತಡ 150 ಬಾರ್, ಎಣ್ಣೆಯ ಹರಿವು ನಿಮಿಷಕ್ಕೆ 20 ಲೀಟರ್ ಎಂದುಕೊಳ್ಳಿ. ಗುಣಿಸಿದರೆ ಸಿಗುವ ಸಾಮರ್ಥ್ಯ 5 ಕಿಲೋವಾಟ್. ನಷ್ಟವೇ ಇಲ್ಲವೆಂದರೂ, 3 ಟನ್ ಎಳೆತದಲ್ಲಿ ಹಗ್ಗ ಸರಿಯುವುದು ಸೆಕೆಂಡಿಗೆ 17 ಸೆಂ.ಮೀ. ಮಾತ್ರ. ಆ 3 ಟನ್ನೂ ಡ್ರಮ್ಮಿನ ಮೊದಲ ಪದರದ ಮಾತು. ಹಗ್ಗ ಸುತ್ತಿಕೊಂಡು ತ್ರಿಜ್ಯ ಹೆಚ್ಚಿದಂತೆ ಎಳೆತ ಕುಗ್ಗುತ್ತದೆ.

ಇದಕ್ಕಿಂತ ಮುಖ್ಯವಾದದ್ದು ಟ್ರ್ಯಾಕ್ಟರಿನ ಸಮತೋಲ. ತೂಕ 800 ಕಿ.ಗ್ರಾಂ., ಗುರುತ್ವ ಕೇಂದ್ರ ಹಿಂದಿನ ಅಚ್ಚಿನಿಂದ 60 ಸೆಂ.ಮೀ. ಮುಂದೆ ಇದೆಯೆನ್ನಿ. ಹಿಂಗಾಲಿಗಳು ಜಾರದಂತೆ ಅಡ್ಡ ಕೊಟ್ಟು, ನೆಲದಿಂದ 1 ಮೀಟರ್ ಎತ್ತರದಲ್ಲಿ ಹಗ್ಗ ಎಳೆದರೆ, 480 ಕಿ.ಗ್ರಾಂ. ಎಳೆತಕ್ಕೇ ಮುಂಗಾಲಿಗಳು ಮೇಲೇಳುತ್ತವೆ! ಎತ್ತರವನ್ನು 40 ಸೆಂ.ಮೀ.ಗೆ ಇಳಿಸಿ: ಮಿತಿ 1,200 ಕಿ.ಗ್ರಾಂ. ಆಗುತ್ತದೆ. ಅದಕ್ಕೇ ಕಾಡಿನ ಕೆಲಸದ ವಿಂಚುಗಳಲ್ಲಿ ಹಗ್ಗ ಹೊರಡುವ ರಾಟೆ ಕೆಳಗಿರುತ್ತದೆ, ಹಿಂದೆ ನೆಲಕ್ಕೆ ಊರುವ ಉಕ್ಕಿನ ಹಲಗೆಯೂ ಇರುತ್ತದೆ.

ಎಳೆತ ಸಾಲದೆಂದು ರಿಲೀಫ್ ವಾಲ್ವನ್ನು ಬಿಗಿ ಮಾಡುವವರಿದ್ದಾರೆ. ಟ್ರ್ಯಾಕ್ಟರ್ ಮಗುಚುವ ಮುನ್ನವೇ ಎಳೆತವನ್ನು ತಡೆಯಬಲ್ಲ ಭಾಗ ಅದೊಂದೇ. ಕೆಂಗೇರಿಯ ಸಮತಟ್ಟಾದ ಕಾಲೇಜು ಅಂಗಳದಲ್ಲಿ ದಿಮ್ಮಿ ಎಳೆದು ತೋರಿಸಿದ್ದು ಕೊಡಗಿನ ತೋಟದ ಇಳಿಜಾರಿಗೆ ಸಾಕ್ಷಿಯಾಗದು. ಅಧ್ಯಾಪಕರೇ, ಮುಂದಿನ ಬಾರಿ ಇಂಥ ಮಾದರಿ ನಿಮ್ಮ ಮುಂದೆ ಬಂದಾಗ, ಎಷ್ಟು ಟನ್ ಎಂದು ಕೇಳುವ ಮೊದಲು ಹಗ್ಗದ ಎತ್ತರ ಎಷ್ಟೆಂದು ಕೇಳಿ.