ಶೃಂಗೇರಿಯ ಶಾರದೆಯೂ ಜಪಾನಿನ ಬೆಂಜೈತೆನ್ ದೇವಿಯೂ

ಜಪಾನಿನ ಸಂಸ್ಕೃತಿಯ ಪ್ರಸ್ತಾಪ ಬಂದಾಗ ನಮ್ಮಲ್ಲಿ ಬೆಂಜೈತೆನ್ ದೇವಿಯ ಹೆಸರನ್ನೆತ್ತಿ, ‘ಇವಳು ನಮ್ಮ ಸರಸ್ವತಿಯೇ’ ಎಂದು ಹೇಳಿ ಮುಂದೆ ಸಾಗುವುದು ವಾಡಿಕೆ. ಆಕೆಯ ಕೈಯಲ್ಲಿ ಬೀವಾ, ಈಕೆಯ ಕೈಯಲ್ಲಿ ವೀಣೆ. ಸಾದೃಶ್ಯ ಸಿದ್ಧವಾಯಿತೆಂದು ಭಾವಿಸುತ್ತೇವೆ. ಹೇಳಿಕೆಯೇನೋ ಸುಳ್ಳಲ್ಲ. ಆದರೆ ಅದಕ್ಕೆ ಕೊಡುವ ಕಾರಣ ತೀರ ದುರ್ಬಲವಾದುದು. ದುರ್ಬಲ ಕಾರಣದಿಂದ ದೊರೆತ ಸತ್ಯವು ವಿದ್ಯಾರ್ಥಿಗೆ ಹೆಚ್ಚು ಉಪಕಾರವನ್ನು ಮಾಡದು.

ಬೀವಾ ವಾದ್ಯವು ಚೀನದ ಪೀಪಾದಿಂದ ಬಂದುದು. ಅದರ ಮೂಲವು ಮಧ್ಯ ಏಷ್ಯ, ಪಾರಸಿಕ ದೇಶಗಳ ಕಡೆಗೆ ಸಾಗುತ್ತದೆ. ನಾವು ಇಂದು ಸರಸ್ವತೀ ವೀಣೆಯೆಂದು ಕರೆಯುವುದರ ರೂಪವಾದರೋ 17ನೆಯ ಶತಮಾನದ ತಂಜಾವೂರಿನಲ್ಲಿ ನೆಲೆಗೊಂಡಿತೆಂಬುದು ಪ್ರಸಿದ್ಧ. ಹೀಗಿರುವಲ್ಲಿ ಎರಡು ವಾದ್ಯಗಳನ್ನು ಎದುರೆದುರಿಟ್ಟು ದೇವತೆಗಳ ನಂಟನ್ನು ಸಾಧಿಸುವುದು ಹೇಗೆ? ಮೇಲಾಗಿ, ಶೃಂಗೇರಿಯ ಗರ್ಭಗುಡಿಯಲ್ಲಿ ಕುಳಿತ ಶಾರದೆಯ ಕೈಯಲ್ಲಿ ವೀಣೆಯೇ ಇಲ್ಲ. ಜಪಮಾಲೆ, ಅಮೃತಕಲಶ, ಪುಸ್ತಕ, ಚಿನ್ಮುದ್ರೆ ಇವು ಆಕೆಯ ಲಕ್ಷಣಗಳು. ಶರನ್ನವರಾತ್ರಿಯಲ್ಲಿ ನಡೆಯುವ ಅಲಂಕಾರಗಳಲ್ಲಿ ವೀಣಾಶಾರದೆಯ ಅಲಂಕಾರ ಒಂದು ಮಾತ್ರ. ಉಳಿದ ದಿನಗಳಲ್ಲಿ ಆಕೆ ಹಂಸವಾಹನೆ, ವೃಷಭವಾಹನೆ, ಮಯೂರವಾಹನೆ, ಗರುಡವಾಹನೆ, ಆಯುಧ ಹಿಡಿದ ಸಿಂಹವಾಹನೆ, ಸಂಪತ್ತನ್ನೀಯುವ ಗಜಲಕ್ಷ್ಮಿ.

ಈ ಮಾತನ್ನು ನೆನಪಿನಲ್ಲಿಟ್ಟುಕೊಂಡು ಜಪಾನಿನತ್ತ ನೋಡಬೇಕು. ಸರಸ್ವತಿ ಅಲ್ಲಿಗೆ ಹೋದುದು ಸಂಗೀತದ ಮೂಲಕವಲ್ಲ, ‘ಸುವರ್ಣಪ್ರಭಾಸ’ವೆಂಬ ಬೌದ್ಧ ಸೂತ್ರದ ಮೂಲಕ. ಇ-ತ್ಸಿಂಗ್ ಇದನ್ನು ಕ್ರಿ. ಶ. 703ರಲ್ಲಿ ಚೀನೀ ಭಾಷೆಗೆ ಪರಿವರ್ತಿಸಿದನು. 741ರಲ್ಲಿ ಚಕ್ರವರ್ತಿ ಶೋಮು ಪ್ರಾಂತ ಪ್ರಾಂತಗಳಲ್ಲಿಯೂ ದೇವಾಲಯಗಳನ್ನು ಕಟ್ಟಿಸಿ, ರಾಜ್ಯದ ರಕ್ಷಣೆಗಾಗಿ ಈ ಸೂತ್ರವನ್ನು ಪಠಿಸಲು ವಿಧಿಸಿದನು. ಸೂತ್ರದ ಸರಸ್ವತಿ ಪಠಿಸುವವನಿಗೆ ಪ್ರತಿಭಾನವನ್ನೂ ಸ್ಮೃತಿಯನ್ನೂ ಕೊಡುತ್ತಾಳೆ. ಮೂವತ್ತೆರಡು ಗಿಡಮೂಲಿಕೆಗಳ ಸ್ನಾನವನ್ನು ಹೇಳಿಕೊಡುತ್ತಾಳೆ. ಎಂಟು ಕೈಗಳಲ್ಲಿ ಬಿಲ್ಲು, ಬಾಣ, ಖಡ್ಗ, ಶೂಲ, ಕೊಡಲಿ, ವಜ್ರ, ಚಕ್ರ, ಪಾಶಗಳನ್ನು ಧರಿಸಿ ನಿಲ್ಲುತ್ತಾಳೆ. ನಾರಾದ ತೋದಾಯ್‌ಜಿಯ ಎಂಟನೆಯ ಶತಮಾನದ ಮೃಣ್ಮೂರ್ತಿ ಈ ಅಷ್ಟಭುಜೆಯದೇ. ಬೀವಾ ಹಿಡಿದ ದ್ವಿಭುಜೆ ಬಂದುದು ಅನಂತರ, 806ರಲ್ಲಿ ಕೂಕಾಯ್ ತಂದ ಮಂಡಲದ ಚಿತ್ರದಿಂದ. ದೇವಿಯ ಬೀಜಾಕ್ಷರವನ್ನು ಅಲ್ಲಿ ಇಂದಿಗೂ ಸಿದ್ಧಂ ಲಿಪಿಯಲ್ಲಿ ‘ಸು’ ಎಂದು ಬರೆದು ‘ಸೊ’ ಎಂದು ಓದುತ್ತಾರೆ. ನಂಟಿಗೆ ಸಾಕ್ಷಿ ಬೇಕಾದರೆ ತಂತಿಗಿಂತ ಈ ಅಕ್ಷರವೇ ಗಟ್ಟಿ.

ಮಧ್ಯಯುಗದಲ್ಲಿ ಈಕೆ ಉಗಾಜಿನ್ ಎಂಬ ಧಾನ್ಯದೇವತೆಯೊಡನೆ ಬೆರೆತಳು. ಮುದುಕನ ತಲೆ, ಹಾವಿನ ಮೈಯುಳ್ಳ ಆ ದೇವತೆ ಆಕೆಯ ಕಿರೀಟವನ್ನೇರಿತು. ಹೆಸರಿನ ನಡುವಣ ‘ಜೈ’ ಎಂಬುದನ್ನು ‘ಪ್ರತಿಭೆ’ಯ ಅಕ್ಷರದಿಂದ ಬರೆಯುತ್ತಿದ್ದವರು ‘ಧನ’ದ ಅಕ್ಷರದಿಂದ ಬರೆಯತೊಡಗಿದರು. ಸರಸ್ವತಿ ಲಕ್ಷ್ಮಿಯಾದಳೆಂದು ಕೆಲವರು ಇದನ್ನು ಅವನತಿಯಾಗಿ ಎಣಿಸುವುದುಂಟು. ನನಗೆ ಹಾಗೆ ತೋರುವುದಿಲ್ಲ. ಜಪಾನು ಶತಮಾನಗಳ ಉದ್ದಕ್ಕೆ ಹರಡಿದುದನ್ನು ಶೃಂಗೇರಿ ನವರಾತ್ರಿಯ ಕೆಲವು ದಿನಗಳಲ್ಲಿ ಅಡಕಮಾಡಿಕೊಂಡಿದೆ, ಅಷ್ಟೆ. ಶಸ್ತ್ರ, ಸ್ವರ, ಸಂಪತ್ತು ಮೂರೂ ಇಲ್ಲಿಯೂ ಒಬ್ಬಳವೇ.

ಅಷ್ಟಭುಜೆಯನ್ನು ನೋಡಲು ದೂರ ಹೋಗಬೇಕಾಗಿಯೂ ಇಲ್ಲ. ಹಿಂದೆ ಎಡೇಹಳ್ಳಿಯೆನಿಸಿದ್ದ ನರಸಿಂಹರಾಜಪುರದ ಬಳಿ, ಸಿಂಹನಗದ್ದೆಯ ಬಸದಿಯಲ್ಲಿ, ಚಂದ್ರಪ್ರಭ ತೀರ್ಥಂಕರನ ಯಕ್ಷಿಯಾದ ಜ್ವಾಲಾಮಾಲಿನಿ ಪೂಜೆಗೊಳ್ಳುತ್ತಾಳೆ. ಮಾನ್ಯಖೇಟದಲ್ಲಿ ಇಂದ್ರನಂದಿ 939ರಲ್ಲಿ ಮುಗಿಸಿದ ‘ಜ್ವಾಲಿನೀಕಲ್ಪ’ವು ಈ ದೇವಿಯ ಆರಾಧನೆಗೆ ಶಾಸ್ತ್ರ. ಬಿಲ್ಲು, ಬಾಣ, ಪಾಶ, ಚಕ್ರಗಳು ಆಕೆಗೂ ಉಂಟು. ಇದರಿಂದ ಜ್ವಾಲಾಮಾಲಿನಿಯೇ ಬೆಂಜೈತೆನ್ ಎಂದು ಹೊರಡುವವರಿದ್ದರೆ ಅವರು ಮೊದಲಿನ ತಪ್ಪನ್ನೇ ಇನ್ನೊಂದು ದಿಕ್ಕಿನಿಂದ ಮಾಡಿದಂತಾಗುವುದು. ಮಂತ್ರಶಾಸ್ತ್ರವು ಬೌದ್ಧ, ಜೈನ, ವೈದಿಕವೆಂಬ ಗೆರೆಗಳನ್ನು ದಾಟಿ ಒಂದೇ ಆಯುಧಶಾಲೆಯಿಂದ ತನ್ನ ದೇವಿಯರನ್ನು ಸಜ್ಜುಗೊಳಿಸಿತೆಂಬಷ್ಟೇ ಇಲ್ಲಿ ಹೇಳಬಹುದಾದುದು.

ನೀರಿನ ವಿಷಯ ಬೇರೆ. ಸರಸ್ವತಿ ಮೊದಲು ನದಿ. ಬೆಂಜೈತೆನ್ನಳ ಮುಖ್ಯ ಸ್ಥಾನಗಳಾದ ಎನೋಶಿಮಾ, ಇತ್ಸುಕುಶಿಮಾ, ಬೀವಾ ಸರೋವರದ ಚಿಕುಬುಶಿಮಾ ಮೂರೂ ನಡುಗಡ್ಡೆಗಳು. ಇತ್ತ ಶೃಂಗೇರಿಯಲ್ಲಿ ಶಾರದೆ, ಕೊಪ್ಪ ತಾಲ್ಲೂಕಿನ ಹರಿಹರಪುರದ ಮಠದಲ್ಲಿ ಮತ್ತೆ ಶಾರದೆ, ಎರಡೂ ತುಂಗೆಯ ದಡದಲ್ಲಿ. ಎರಡು ಕಡೆಯೂ ಮಾತಿನ ದೇವಿ ಹರಿವ ನೀರನ್ನು ಬಿಟ್ಟು ದೂರ ಸರಿದಿಲ್ಲ. ವೀಣೆ ಬೀವಾಗಳ ಹೋಲಿಕೆಯಲ್ಲಿ ಕಣ್ಮರೆಯಾಗುವುದು ಮುಖ್ಯವಾಗಿ ಈ ಸಂಗತಿ.

‘ಇವಳು ನಮ್ಮವಳೇ’ ಎಂಬ ಅವಸರದ ಮಾತಿನಲ್ಲಿ ಇನ್ನೊಂದು ಅಪಾಯವಿದೆ. 1868ರಲ್ಲಿ ಮೇಜಿ ಸರಕಾರವು ಬೌದ್ಧ, ಶಿಂತೋ ದೇವತೆಗಳನ್ನು ಬೇರ್ಪಡಿಸಬೇಕೆಂದು ಆಜ್ಞೆ ಮಾಡಿತು. ಅಧಿಕಾರಿಗಳು ಬೆಂಜೈತೆನ್ನಳನ್ನು ಕುರಿತು ಕೇಳಿದುದೂ ಇದೇ ಪ್ರಶ್ನೆ: ಇವಳು ಯಾರವಳು? ಎನೋಶಿಮಾ ಶಿಂತೋ ಕ್ಷೇತ್ರವಾಯಿತು. ಚಿಕುಬುಶಿಮಾದಲ್ಲಿ ಒಂದೇ ಸ್ಥಾನವು ಹೋಗೊಂಜಿ ದೇವಾಲಯ, ತ್ಸುಕುಬುಸುಮಾ ದೇಗುಲವೆಂದು ಎರಡಾಯಿತು. ಇತ್ಸುಕುಶಿಮಾದಿಂದ ದೇವಿಯ ಮೂರ್ತಿಯನ್ನು ಸಮೀಪದ ದಾಯ್‌ಗಾಂಜಿಗೆ ಸಾಗಿಸಿದರು. ಅದು ಈಗಲೂ ಅಲ್ಲಿದೆ. ವರ್ಷಕ್ಕೊಮ್ಮೆ, ಜೂನ್ 17ರಂದು ಮಾತ್ರ, ಅದರ ದರ್ಶನ.