ಪಂಪನ ಅರ್ಧ ಮಾತು, ಜಿನಸೇನನ ಪೂರ್ತಿ ಪುರಾಣ

ಪಂಪನ ಕಾವ್ಯ ಓದದವರಿಗೂ ಪಂಪನ ಒಂದು ಮಾತು ಗೊತ್ತು. ಮನುಷ್ಯರ ಜಾತಿ ಒಂದೇ ಎಂಬ ಅರ್ಥದ ಆ ಮಾತು ಸಮ್ಮೇಳನಗಳ ಮಹಾದ್ವಾರದ ಮೇಲೆ ಬರುತ್ತದೆ, ಮಂತ್ರಿಗಳ ಭಾಷಣದಲ್ಲಿ ಬರುತ್ತದೆ, ನಮ್ಮ ಸಂಘಟನೆಗಳ ಕರಪತ್ರದಲ್ಲೂ ಬರುತ್ತದೆ. ಜಾತಿಯ ಜಗಳ ಎಲ್ಲಿ ಎದ್ದರೂ ಅದರ ಮೇಲೆ ಹೊದಿಸಲಿಕ್ಕೆ ಇದೊಂದು ಶಾಲು. ಕನ್ನಡದ ಆದಿಕವಿನೇ ಹಿಂಗ ಹೇಳ್ಯಾನ, ಇನ್ನೇನು ನಿಮ್ಮ ತಕರಾರು ಅಂತ ಕೇಳುವವರಿಗೆ ಅದು ನಮ್ಮ ಬಾಯಿ ಮುಚ್ಚಿಸುವ ಸಾಧನವೂ ಹೌದು. ದಲಿತ ವಿಮರ್ಶೆ ಇಲ್ಲಿ ಮಾಡಬೇಕಾದದ್ದು ಬಹಳ ಸಾದಾ ಕೆಲಸ. ಆ ಮಾತು ಎಲ್ಲಿದೆಯೋ ಅಲ್ಲಿಗೆ ಹೋಗಿ, ಅದರ ಹಿಂದುಮುಂದಿನ ಮಾತುಗಳನ್ನೂ ಓದುವುದು.

ಅದು ಇರುವುದು ಪಂಪ ೯೪೧ರಲ್ಲಿ ಮುಗಿಸಿದ ಆದಿಪುರಾಣದಲ್ಲಿ. ಮಾತು ಅವನ ಸ್ವಂತದ್ದಲ್ಲ. ಅವನಿಗಿಂತ ಸುಮಾರು ನೂರು ವರ್ಷ ಹಿಂದೆ, ರಾಷ್ಟ್ರಕೂಟ ಅಮೋಘವರ್ಷನ ಗುರುವೆಂದು ಹೆಸರಾದ ಮುನಿ ಜಿನಸೇನ ಸಂಸ್ಕೃತದಲ್ಲಿ ಒಂದು ಆದಿಪುರಾಣ ಬರೆದ. ಪಂಪನಿಗೆ ಆಕರ ಅದೇ. ಜಿನಸೇನನ ಮೂವತ್ತೆಂಟನೆಯ ಪರ್ವದಲ್ಲಿ ಈ ಮಾತು ಬರುವ ಸಂದರ್ಭ ನೋಡಿ. ದಿಗ್ವಿಜಯ ಮುಗಿಸಿ ಬಂದ ಭರತ ಚಕ್ರವರ್ತಿ ದಾನ ಕೊಡಲು ಯೋಗ್ಯರನ್ನು ಹುಡುಕುತ್ತಾನೆ. ಅಂಗಳದ ತುಂಬ ಹಸಿರು ಮೊಳಕೆ ಹರಡಿಸಿ ಜನರನ್ನು ಕರೆಯುತ್ತಾನೆ. ತುಳಿದುಕೊಂಡು ಒಳಗೆ ಬಂದವರು ಬಂದರು. ಜೀವಕ್ಕೆ ನೋವಾದೀತೆಂದು ಹೊರಗೇ ನಿಂತವರನ್ನು ಅವನು ಮರ್ಯಾದೆ ಮಾಡಿ ದ್ವಿಜರನ್ನಾಗಿಸುತ್ತಾನೆ. ಅಂದರೆ ಬ್ರಾಹ್ಮಣವರ್ಣ ಹುಟ್ಟುವ ಕಥೆಯ ನಟ್ಟನಡುವೆ ಮನುಷ್ಯಜಾತಿ ಒಂದೇ ಎಂಬ ಮಾತಿದೆ. ಅದು ಅಲ್ಲಿಗೇ ನಿಲ್ಲುವುದೂ ಇಲ್ಲ. ಕಸುಬು ಬೇರೆಯಾದ್ದರಿಂದ ಆ ಒಂದು ಜಾತಿ ನಾಲ್ಕಾಯಿತು ಅನ್ನುತ್ತದೆ. ವ್ರತದಿಂದ ಬ್ರಾಹ್ಮಣ, ಆಯುಧದಿಂದ ಕ್ಷತ್ರಿಯ, ನ್ಯಾಯದ ಗಳಿಕೆಯಿಂದ ವೈಶ್ಯ. ಶೂದ್ರ ಯಾಕೆ ಶೂದ್ರ? ಕೀಳು ಬದುಕು ಹಿಡಿದದ್ದರಿಂದ. ಮೊದಲರ್ಧ ಬ್ಯಾನರಿಗೆ ಹೋಯಿತು, ಉಳಿದರ್ಧ ಊರಲ್ಲೇ ಉಳಿಯಿತು.

ಕೆಲಸ ಹಂಚಿಕೊಳ್ಳುವುದು ಬೇರೆ, ಕೆಲಸ ಮಾಡುವವರನ್ನೇ ಮೇಲೆ ಕೆಳಗೆ ಜೋಡಿಸುವುದು ಬೇರೆ ಎಂದು ಅಂಬೇಡ್ಕರ್ ೧೯೩೬ರಲ್ಲಿ ವಾದಿಸಿದರು. ಜಿನಸೇನನಲ್ಲಿ ಈ ಎರಡೂ ಒಂದೇ ಉಸಿರಿನಲ್ಲಿ ಬರುತ್ತವೆ.

ಇನ್ನೂ ಹಿಂದೆ ಹೋದರೆ ಹದಿನಾರನೆಯ ಪರ್ವ ಸಿಗುತ್ತದೆ. ಇದನ್ನು ಯಾವ ಮಹಾದ್ವಾರದ ಮೇಲೂ ನಾನು ಕಂಡಿಲ್ಲ. ಅಲ್ಲಿ ಆದಿದೇವ ವೃಷಭ ಜನರಿಗೆ ಆರು ಬದುಕು ಕಲಿಸುತ್ತಾನೆ: ಅಸಿ, ಮಸಿ, ಕೃಷಿ, ವಿದ್ಯೆ, ವಾಣಿಜ್ಯ, ಶಿಲ್ಪ. ಮಸಿ ಅಂದರೆ ಬರವಣಿಗೆ. ಬರೆಯುವುದೂ ಒಂದು ಕಸುಬು ಎಂದು ಮುನಿ ಒಪ್ಪಿಕೊಂಡದ್ದು ನನಗೆ ಹಿಡಿಸುತ್ತದೆ. ಮುಂದೆ ಶೂದ್ರರನ್ನು ವಿಂಗಡಿಸುತ್ತಾನೆ. ಕೈಕೆಲಸದವರು ಒಂದು ಪಂಗಡ, ಉಳಿದವರು ಇನ್ನೊಂದು. ಕೈಕೆಲಸದವರಲ್ಲಿ ಮತ್ತೆ ಎರಡು: ಮುಟ್ಟಬಹುದಾದವರು, ಮುಟ್ಟಬಾರದವರು. ಮುಟ್ಟಬಹುದಾದವರಿಗೆ ಕ್ಷೌರಿಕ ಮೊದಲಾದವರ ಉದಾಹರಣೆ ಕೊಡುತ್ತಾನೆ. ಮುಟ್ಟಬಾರದವರು ಪ್ರಜೆಗಳ ಹೊರಗಿನವರು ಎಂದಷ್ಟೇ ಹೇಳಿ ಮುಂದೆ ಹೋಗುತ್ತಾನೆ.

ಪುರಾಣವನ್ನು ಮುಗಿಸಿದವನು ಶಿಷ್ಯ ಗುಣಭದ್ರ. ಹಾಗಾಗಿ ಯಾರೋ ಕೈಯಾಡಿಸಿರಬೇಕು ಅಂತ ಹೇಳಲು ಬರುವುದಿಲ್ಲ. ಗುಣಭದ್ರನ ಕೈ ಸೇರುವುದು ನಲವತ್ತೆರಡನೆಯ ಪರ್ವ ದಾಟಿದ ಮೇಲೆ. ಹದಿನಾರು, ಮೂವತ್ತೆಂಟು ಎರಡೂ ಜಿನಸೇನನವೇ. ಹಾಗಾದರೆ ಮುನಿ ತನ್ನ ಮಾತಿಗೆ ತಾನೇ ತಪ್ಪಿದನೇ? ನನಗೆ ಹಾಗೆ ಅನಿಸುವುದಿಲ್ಲ. ಅವನ ಲೆಕ್ಕದಲ್ಲಿ ಮನುಷ್ಯಜಾತಿ ಅನ್ನೋದು ಕರ್ಮದಿಂದ ಸಿಗುವ ಒಂದು ಹುಟ್ಟು. ದೇವ, ನಾರಕ, ಪ್ರಾಣಿ ಇವುಗಳಿಂದ ಬೇರೆಯಾದದ್ದು, ಅಷ್ಟೇ. ಆ ಅರ್ಥದಲ್ಲಿ ಊರ ಹೊರಗಿನವನೂ ಮನುಷ್ಯನೇ. ಆದರೆ ಪ್ರಜೆಯಲ್ಲ. ಮನುಷ್ಯತ್ವ ಒಪ್ಪಿಕೊಂಡೂ ಪ್ರಜೆಯಾಗುವುದನ್ನು ನಿರಾಕರಿಸಬಹುದು ಎಂಬ ಉಪಾಯ ಒಂಬತ್ತನೆಯ ಶತಮಾನದಲ್ಲೇ ನಮ್ಮ ನಾಡಿನ ವಿದ್ವಾಂಸರಿಗೆ ಕೈವಶವಾಗಿತ್ತು. ೧೯೫೦ರ ಸಂವಿಧಾನ ಕೊಟ್ಟದ್ದು ಮನುಷ್ಯರೆಂಬ ಬಿರುದನ್ನಲ್ಲ. ಅದು ಮೊದಲೇ ಇತ್ತಲ್ಲ! ಕೊಟ್ಟದ್ದು ಪ್ರಜೆಯ ಹಕ್ಕನ್ನು.

ಇದೆಲ್ಲ ನಮಗೆ ದೂರದ ಸಂಗತಿಯಲ್ಲ. ಗುಣಭದ್ರನ ಉತ್ತರಪುರಾಣಕ್ಕೆ ೮೯೮ರಲ್ಲಿ ಪೂಜೆ ಸಂದದ್ದು ಲೋಕಾದಿತ್ಯ ಆಳುತ್ತಿದ್ದ ಬಂಕಾಪುರದಲ್ಲಿ, ಹುಬ್ಬಳ್ಳಿಯಿಂದ ಹಾವೇರಿ ಕಡೆ ಹೋಗುವ ದಾರಿಯಲ್ಲಿ. ಪಂಪನ ತಾಯಿ ಅಬ್ಬಣಬ್ಬೆಯ ಮನೆತನ ಅಣ್ಣಿಗೇರಿಯ ಜೋಯಿಸ ಸಿಂಘನದೆಂದು ತಮ್ಮ ಜಿನವಲ್ಲಭನ ಕುರಿಕ್ಯಾಲ ಶಾಸನ ಹೇಳುತ್ತದೆ. ಪಂಪ ಹೆಮ್ಮೆಪಟ್ಟ ಪುಲಿಗೆರೆಯ ಕನ್ನಡ ಅಂದರೆ ಲಕ್ಷ್ಮೇಶ್ವರದ ಕನ್ನಡ. ಪಂಪ ನಮ್ಮ ಮಂದಿ ಅಂತ ಧಾರವಾಡದಲ್ಲಿ ಎದೆ ತಟ್ಟಿಕೊಳ್ಳುವವರಿಗೆ ಕೊರತೆಯಿಲ್ಲ.

ಅದೇ ಪಂಪ ವಿಕ್ರಮಾರ್ಜುನ ವಿಜಯದಲ್ಲಿ ತನ್ನ ತಂದೆ ಜೈನನಾದದ್ದನ್ನು ಹೇಗೆ ಹೇಳುತ್ತಾನೆ? ಜಾತಿಗಳಲ್ಲೆಲ್ಲ ಉತ್ತಮವಾದ ವಿಪ್ರಜಾತಿಗೆ ತಕ್ಕದ್ದು ಜಿನಧರ್ಮವೇ ಎಂದು ನಂಬಿದ, ಅನ್ನುತ್ತಾನೆ. ಧರ್ಮ ಬದಲಾಯಿತು, ಜಾತಿಯ ಮೇಲ್ಮೆ ಹಾಗೇ ಉಳಿಯಿತು. ಕುಲ ಎತ್ತಿ ಆಡಿದ ಗುರುವಿಗೆ ಕರ್ಣ ಕೊಡುವ ಉತ್ತರ ನಮ್ಮ ವೇದಿಕೆಗಳಲ್ಲಿ ಬಹಳ ಓಡಿದೆ. ಓಡಲಿ. ಆದರೆ ಕರ್ಣ ನಿಜವಾಗಿ ಕ್ಷತ್ರಿಯಾಣಿಯ ಮಗನೆಂಬುದು ಓದುವವರಿಗೆ ಮೊದಲೇ ಗೊತ್ತಿದೆ. ಆ ಮಾತನ್ನು ನಿಜವಾದ ಸೂತನ ಮಗ ಆಡಿದ್ದರೆ ಕಾವ್ಯದ ಕಥೆಯೇ ಬೇರೆ ಆಗುತ್ತಿತ್ತು.

ಪದ್ಯಕ್ಕಿಂತ ಗದ್ಯ ಹೆಚ್ಚು ನಿರ್ದಯವಾಗಿದೆ. ಹುಬ್ಬಳ್ಳಿಯಲ್ಲಿ ಬಿ.ಎ. ಹುಡುಗರಿಗೆ ನಾನು ಹಳಗನ್ನಡ ಹೇಳುತ್ತೇನೆ. ವಡ್ಡಾರಾಧನೆಯ ಹತ್ತೊಂಬತ್ತು ಕಥೆಗಳಲ್ಲಿ ಮೊದಲನೆಯದು ಸುಕುಮಾರಸ್ವಾಮಿಯ ಕಥೆ. ವಾಯುಭೂತಿ ಎಂಬ ಬ್ರಾಹ್ಮಣ ಮುನಿಯನ್ನು ನಿಂದಿಸಿ, ಕುಷ್ಠ ಹತ್ತಿ ಸಾಯುತ್ತಾನೆ. ಮುಂದೆ ಕತ್ತೆಯಾಗಿ, ಹಂದಿಯಾಗಿ, ನಾಯಿಯಾಗಿ ಹುಟ್ಟುತ್ತಾನೆ. ನಾಯಿಯಾದ ಮೇಲೆ ಊರ ಹೊರಗಿನವರ ಮನೆಯಲ್ಲಿ ಹುಟ್ಟುಗುರುಡಿ, ಮೈ ನಾರುವ ಹೆಣ್ಣುಮಗು. ಈ ಪಾಠ ನಡೆದಾಗ ಹಿಂದಿನ ಬೆಂಚಿನಿಂದ ಒಬ್ಬ ಹುಡುಗ, "ಸರ್, ಕತ್ತಿ, ಹಂದಿ, ನಾಯಿ ಮುಗದ ಮ್ಯಾಲೆ ನಮ್ಮ ಪಾಳಿ ಬಂತಲ್ರಿ" ಅಂದ. ಅರ್ಧ ಕ್ಲಾಸು ನಕ್ಕಿತು, ಅರ್ಧ ಕ್ಲಾಸು ಸುಮ್ಮನಾಯಿತು. ಯಾವ ಅರ್ಧ ಯಾವುದೆಂದು ಹೇಳಬೇಕಾಗಿಲ್ಲ.

ಮುಂದ ಓದೋ ತಮ್ಮಾ ಅಂದೆ. ಓದಿದ. ಆ ದಾರಿಯಲ್ಲಿ ಬಂದ ಇಬ್ಬರು ಮುನಿಗಳಲ್ಲಿ ಒಬ್ಬ ಅಗ್ನಿಭೂತಿ, ವಾಯುಭೂತಿಯ ಅಣ್ಣ. ಆ ಮಗುವನ್ನು ಕಂಡದ್ದೇ ಅವನಿಗೆ ಕಾರಣ ತಿಳಿಯದ ಮಮತೆ, ದುಃಖ. ಇವಳು ನಿನ್ನ ತಮ್ಮನೇ ಎಂದು ಗುರು ತಿಳಿಸುತ್ತಾನೆ. ಅವಳಿಗೆ ವ್ರತ ಸಿಗುತ್ತದೆ. ಸತ್ತು ನಾಗಶ್ರೀ ಎಂಬ ಬ್ರಾಹ್ಮಣ ಕನ್ಯೆಯಾಗುತ್ತಾಳೆ. ನಮ್ಮ ಪಂಡಿತರು ಇಲ್ಲಿ ಕರುಣೆಯನ್ನು ತೋರಿಸುತ್ತಾರೆ. ಕರುಣೆ ಇದೆ, ನಾನು ಅಲ್ಲಗಳೆಯುವುದಿಲ್ಲ. ಮುನಿ ಆ ಮಗುವಿನ ಹತ್ತಿರ ನಿಂತ, ಮಾತಾಡಿದ, ಧರ್ಮ ಕೊಟ್ಟ. ವೇದದ ಬಾಗಿಲಲ್ಲಿ ಇದು ನಡೆಯುವಂಥದ್ದಲ್ಲ. ಆದರೆ ಆ ದುಃಖ ಯಾರಿಗಾಗಿ? ಎದುರಿಗೆ ಕೂತ ಕುರುಡಿಗಲ್ಲ, ಅವಳೊಳಗೆ ಸಿಕ್ಕಿಕೊಂಡ ಬ್ರಾಹ್ಮಣ ತಮ್ಮನಿಗೆ. ಅವಳು ಅವಳಾಗಿಯೇ ದುಃಖಕ್ಕೆ ಅರ್ಹಳಲ್ಲ.

ಇಷ್ಟು ಬರೆದರೆ ಗೆಳೆಯರು ಕೇಳುತ್ತಾರೆ, ಹಂಗಾದ್ರ ಇವನ್ನೆಲ್ಲ ಯಾಕ ಓದಬೇಕು, ಸುಟ್ಟುಬಿಡೋಣ ಅಂತ. ಇನ್ನು ಕೆಲವರು ಪಂಪನನ್ನು ಎಳೆದು ತಂದು ಬಂಡಾಯದ ಸಾಲಿನಲ್ಲಿ ಕೂರಿಸುತ್ತಾರೆ. ಎರಡೂ ಓದದೆ ತಪ್ಪಿಸಿಕೊಳ್ಳುವ ದಾರಿಗಳು. ನಮ್ಮ ಕೇರಿಯ ಹುಡುಗರು ಹಳಗನ್ನಡ ಬಿಟ್ಟರೆ ಆ ಪುರಾಣಗಳು ಮತ್ತೆ ಬ್ಯಾನರು ಬರೆಯುವವರ ಸ್ವತ್ತಾಗುತ್ತವೆ. ಹದಿನಾರನೆಯ ಪರ್ವವನ್ನು ಓದಿ ಹೇಳುವವರು ಬೇಕಲ್ಲ!

ಜೈನ ಮುನಿಗಳ ಬಾಗಿಲು ಎಷ್ಟು ತೆರೆದಿತ್ತು ಎಂಬುದಕ್ಕೆ ರನ್ನ ಸಾಕ್ಷಿ. ಮುಧೋಳದ ಬಳೆಗಾರರ ಮಗ, ಓದಬೇಕೆಂದು ಶ್ರವಣಬೆಳಗೊಳದವರೆಗೆ ಹೋದ. ಅಜಿತಸೇನಾಚಾರ್ಯ ಅವನನ್ನು ಶಿಷ್ಯನೆಂದು ಒಪ್ಪಿಕೊಂಡ. ಅವನು ಕವಿಚಕ್ರವರ್ತಿಯಾದ, ೯೯೩ರಲ್ಲಿ ಅತ್ತಿಮಬ್ಬೆಗಾಗಿ ಅಜಿತಪುರಾಣ ಬರೆದ. ಇದು ಸಣ್ಣ ಮಾತಲ್ಲ. ಆ ಕಾಲದಲ್ಲಿ ಬೇರೆ ಯಾವ ಪಾಠಶಾಲೆ ಬಳೆಗಾರರ ಹುಡುಗನನ್ನು ಒಳಗೆ ಬಿಡುತ್ತಿತ್ತು? ಆದರೂ ಬಳೆಗಾರ ಅಂದರೆ ಮನೆಯೊಳಗೆ ಬಂದು ಕೈ ಹಿಡಿದು ಬಳೆ ತೊಡಿಸುವವನು. ಬಾಗಿಲು ತೆರೆದದ್ದು ಜಿನಸೇನ ಎಳೆದ ಗೆರೆಯವರೆಗೆ ಮಾತ್ರ. ಹತ್ತನೆಯ ಶತಮಾನದ ಕನ್ನಡ ಕವಿಗಳ ಪಟ್ಟಿಯಲ್ಲಿ ಮುಟ್ಟಬಾರದವನ ಮಗ ಇಲ್ಲ.

ಹಾಗಂತ ಆ ಗೆರೆಯ ಆಚೆ ಕಾವ್ಯ ಇರಲಿಲ್ಲವೇ? ಇತ್ತು ಅಂತ ಕವಿರಾಜಮಾರ್ಗವೇ ಹೇಳುತ್ತದೆ. ಸುಮಾರು ೮೫೦ರಲ್ಲಿ ಶ್ರೀವಿಜಯ ಈ ನಾಡಿನ ಜನರನ್ನು ಹೊಗಳುವಾಗ, ಓದು ಕಲಿಯದೆಯೂ ಕಾವ್ಯ ಕಟ್ಟಬಲ್ಲವರು ಅನ್ನುತ್ತಾನೆ. ಈ ಹೊಗಳಿಕೆಯನ್ನೂ ನಾವು ಬ್ಯಾನರು ಮಾಡಿದ್ದೇವೆ. ಅದೇ ಗ್ರಂಥದಲ್ಲಿ ಹೆಸರು ಹಿಡಿದು ಹೇಳಿದವರ ಪಟ್ಟಿ ಬೇರೆ ಇದೆ. ಗದ್ಯಕ್ಕೆ ವಿಮಳ, ಉದಯ, ನಾಗಾರ್ಜುನ, ಜಯಬಂಧು, ದುರ್ವಿನೀತ; ಪದ್ಯಕ್ಕೆ ಶ್ರೀವಿಜಯ, ಕವೀಶ್ವರ, ಪಂಡಿತ, ಚಂದ್ರ, ಲೋಕಪಾಲ. ಓದದೆ ಕಟ್ಟಿದವರ ಒಂದು ಹೆಸರೂ ಅದರಲ್ಲಿಲ್ಲ. ಮಾದಾರ ಚೆನ್ನಯ್ಯ, ಡೋಹರ ಕಕ್ಕಯ್ಯ ಎಂದು ಕಸುಬನ್ನೇ ಹೆಸರಿನ ಮುಂದಿಟ್ಟುಕೊಂಡವರು ಕನ್ನಡದ ಓಲೆಗರಿಗಳಿಗೆ ಬರಲು ಅಲ್ಲಿಂದ ಇನ್ನೂ ಮುನ್ನೂರು ವರ್ಷ ಹಿಡಿಯಿತು.